ಡಿಕ್ರಿಗೆ ತಡೆ ಕೇಳೋಕೆ ಯಾವ ಬಾಗಿಲು ತಟ್ಟಬೇಕು? ಡಿಕ್ರಿ ಕೊಟ್ಟ ಕೋರ್ಟೋ, ಮೇಲಿನ ಕೋರ್ಟೋ?

ಕಾಫಿಗಿಡ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಾ ಇದ್ದೀನಿ, ಸಹಿಸಿಕೊಳ್ಳಿ.

ನಮ್ಮದು ಚಿಕ್ಕಮಗಳೂರು ಜಿಲ್ಲೆ. ಪೇಟೆಯಲ್ಲಿರೋ ಒಂದು ಮನೆ ಮತ್ತು ಅದರ ಮುಂದಿನ ಜಾಗದ ವಿಷಯಕ್ಕೆ ಅಪ್ಪನ ಮೇಲೆ ದಾವೆ ಇತ್ತು. ಹನ್ನೆರಡು ವರ್ಷ ನಡೆಯಿತು. ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟಿನಲ್ಲಿ ವಾದಿ ಗೆದ್ದರು. 60 ದಿನದೊಳಗೆ ಸ್ವಾಧೀನ ಬಿಟ್ಟುಕೊಡಿ ಅಂತ ಡಿಕ್ರಿ (ತೀರ್ಪಿನ ಆದೇಶ) ಆಗಿದೆ. ದಾವೆಯ ಮೌಲ್ಯ ಜಾಸ್ತಿ ಇರೋದರಿಂದ ಅಪೀಲು ನೇರ ಹೈಕೋರ್ಟಿಗೆ ಹೋಗುತ್ತದೆ. ಅದಕ್ಕೆ 90 ದಿನ ಟೈಮ್ ಇದೆ.

ಈಗ ಲೆಕ್ಕ ನೋಡಿ. ಮನೆ ಬಿಡೋಕೆ 60 ದಿನ, ಅಪೀಲು ಹಾಕೋಕೆ 90 ದಿನ. ಸರ್ಟಿಫೈಡ್ ಕಾಪಿಗೆ ಮೂರನೇ ದಿನವೇ ಅರ್ಜಿ ಕೊಟ್ಟಿದ್ದೆವು, ಕೈಗೆ ಬಂದಿದ್ದು 38ನೇ ದಿನ. ಇವತ್ತಿಗೆ 41. ನಮ್ಮ ವಕೀಲರು "ಸ್ಟೇ ಬೇಕಂದ್ರೆ ಹೈಕೋರ್ಟೇ, ಇಲ್ಲಿ ಏನೂ ಆಗಲ್ಲ" ಅಂತಾರೆ. ಅದೇ ಕೋರ್ಟ್ ಕ್ಯಾಂಟೀನಿನಲ್ಲಿ ಸಿಕ್ಕಿದ ಇನ್ನೊಬ್ಬ ಹಳೇ ವಕೀಲರು "ಇಲ್ಲೇ ಒಂದು ಐಎ (ಮಧ್ಯಂತರ ಅರ್ಜಿ) ಹಾಕ್ರೀ ಮಾರಾಯ್ರೆ, ಯಾರು ಬೇಡ ಅಂದ್ರು" ಅಂತಾರೆ.

ಯಾರದ್ದು ಸರಿ? ನನ್ನ ತಲೆಯಲ್ಲಿ ಇನ್ನೊಂದು ಪ್ರಶ್ನೆಯೂ ಇದೆ. ಕಾನೂನು ಹೇಗಾದರೂ ಇರಲಿ, ಇದನ್ನು ಕೇಳಬೇಕಾದ ಕೋರ್ಟು ಯಾವುದು? ಜಾಗ ನೋಡಿದ, ಸಾಕ್ಷಿಗಳ ಮುಖ ನೋಡಿದ ಕೋರ್ಟೋ, ಇನ್ನೂರೈವತ್ತು ಕಿಲೋಮೀಟರ್ ಆಚೆ ಫೈಲು ಮಾತ್ರ ನೋಡೋ ಕೋರ್ಟೋ?

---

ಕರಿಕೋಟು

ಧಾರವಾಡದಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ. ಇಬ್ಬರು ವಕೀಲರೂ ಅರ್ಧರ್ಧ ಸರಿ.

ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 41, ರೂಲ್ 5 ತೆಗೆದು ನೋಡಿ. ಮೊದಲ ಉಪನಿಯಮ ಹೇಳೋದು: ಅಪೀಲು ಹಾಕಿದ ಮಾತ್ರಕ್ಕೆ ಡಿಕ್ರಿ ನಿಲ್ಲೋದಿಲ್ಲ, ಅಪೀಲು ಕೋರ್ಟು ತಡೆ ಕೊಟ್ಟರೆ ಮಾತ್ರ ನಿಲ್ಲುತ್ತದೆ. "ಅಪೀಲ್ ಹಾಕಿದ್ದೀವಿ, ಇನ್ನು ಯಾರೂ ಮುಟ್ಟೋ ಹಾಗಿಲ್ಲ" ಅಂತ ಆರಾಮಾಗಿ ಕೂತು ಮನೆ ಕಳೆದುಕೊಂಡವರನ್ನು ನಾನೇ ನೋಡಿದ್ದೇನೆ.

ಎರಡನೇ ಉಪನಿಯಮವನ್ನು ಯಾರೂ ಓದೋದಿಲ್ಲ. ಅಪೀಲಿನ ಅವಧಿ ಮುಗಿಯೋ ಮುಂಚೆ ಅರ್ಜಿ ಹಾಕಿದರೆ, ಡಿಕ್ರಿ ಕೊಟ್ಟ ಕೋರ್ಟೇ ಸಾಕಷ್ಟು ಕಾರಣ ಇದ್ದರೆ ತಡೆ ಕೊಡಬಹುದು. ಅಂದರೆ ನಿಮ್ಮ ತಾಲ್ಲೂಕಿನ ಕೋರ್ಟಿಗೆ ಈಗ ಅಧಿಕಾರ ಇದೆ. ಆ ಕಿಟಕಿ ತೆರೆದಿರೋದು ಮಾತ್ರ ಸ್ವಲ್ಪ ದಿನ. ಅವಧಿ ಮುಗಿದರೆ ಅದು ಮುಚ್ಚಿತು. ಅಪೀಲು ದಾಖಲಾದ ಮೇಲೆ ಹೋದರೂ "ಮೇಲೆ ಕೇಳಿ" ಅಂತಲೇ ಕಳಿಸುತ್ತಾರೆ. ಕಾಪಿಗೆ ಹೋದ ದಿನಗಳನ್ನು ಅಪೀಲಿನ ಲೆಕ್ಕದಿಂದ ಬಿಡುತ್ತಾರೆ, ಸರಿ. ಆದರೆ ಮನೆ ಬಿಡೋ 60 ದಿನದ ಲೆಕ್ಕದಿಂದ ಯಾರೂ ಬಿಡೋದಿಲ್ಲ.

ಎರಡೂ ಕಡೆ ಮೂರು ವಿಷಯ ತೋರಿಸಲೇಬೇಕು. ತಡೆ ಸಿಗದಿದ್ದರೆ ದೊಡ್ಡ ನಷ್ಟ ಆಗುತ್ತದೆ, ಅರ್ಜಿ ಹಾಕೋಕೆ ಸುಮ್ಮನೆ ತಡ ಮಾಡಿಲ್ಲ, ಡಿಕ್ರಿ ಪಾಲಿಸೋಕೆ ಭದ್ರತೆ ಕೊಡುತ್ತೇನೆ. ಮೂರನೇದನ್ನು ಜನ ಮರೀತಾರೆ.

---

ಎಲ್‌ಎಲ್‌ಬಿ ಮೂರನೇ ವರ್ಷ

ಸರ್, ಆರ್ಡರ್ 21 ರೂಲ್ 26 ಕೂಡ ಇದೆಯಲ್ಲ? ಅಮಲ್ಜಾರಿ ಕೋರ್ಟು (ಡಿಕ್ರಿ ಜಾರಿ ಮಾಡೋ ಕೋರ್ಟು) ತಡೆ ಕೊಡಬಹುದು ಅಂತ ಪರೀಕ್ಷೆಗೆ ಓದಿದ ನೆನಪು. ಇಪಿ (ಡಿಕ್ರಿ ಜಾರಿಗೆ ಹಾಕೋ ಅರ್ಜಿ) ಹಾಕಿದ ಮೇಲೆ ಅದರಲ್ಲೇ ಕೇಳಿದರೆ ಆಗಲ್ವಾ?

ಕರಿಕೋಟು

ನೆನಪು ಸರಿ, ಇಲ್ಲಿಗೆ ಹೊಂದಲ್ಲ. ರೂಲ್ 26 ಇರೋದು ಬೇರೆ ಕೋರ್ಟಿನಿಂದ ವರ್ಗವಾಗಿ ಬಂದ ಡಿಕ್ರಿಗೆ. ಹುಬ್ಬಳ್ಳಿಯ ಡಿಕ್ರಿ ಮೈಸೂರಿಗೆ ಜಾರಿಗೆ ಹೋಗಿದೆ ಅಂತಿಟ್ಟುಕೊಳ್ಳಿ. ಮೈಸೂರಿನ ಕೋರ್ಟು ಸ್ವಲ್ಪ ಕಾಲ ಕೈ ತಡೆಯಬಹುದು. ಯಾಕೆ? ಸೋತವನು ಹುಬ್ಬಳ್ಳಿಗೋ ಅಪೀಲು ಕೋರ್ಟಿಗೋ ಹೋಗಿ ಆದೇಶ ತರಲಿ ಅಂತ. ಕೇಸಿನ ಒಳಗೆ ಅದು ಕೈ ಹಾಕೋದಿಲ್ಲ. ಇವರದ್ದು ಡಿಕ್ರಿ ಕೊಟ್ಟ ಕೋರ್ಟಿನಲ್ಲೇ ಜಾರಿ ಆಗೋದು. ಅರ್ಜಿ ಮೂಲ ದಾವೆಯ ಫೈಲಿನಲ್ಲಿ ಹೋಗಬೇಕು. ಇಪಿಯಲ್ಲಿ ಹಾಕಿದರೆ "ಡಿಕ್ರಿ ಸರಿಯೋ ತಪ್ಪೋ ಅಂತ ನಾನು ನೋಡೋ ಹಾಗಿಲ್ಲ" ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ.

---

ಅಂಗಡಿ ಮಾಲೀಕ

ಎಲ್ಲರೂ ಸೋತವರ ಕಷ್ಟವನ್ನೇ ಹೇಳ್ತಾ ಇದ್ದೀರಿ. ಗೆದ್ದವನ ಕಥೆ ಕೇಳಿ.

ನನ್ನದು ಒಂದು ಅಂಗಡಿ ಮಳಿಗೆ. ಬಾಡಿಗೆ ತಿಂಗಳಿಗೆ 1,800 ರೂಪಾಯಿ. ಹೌದು, ಸಾವಿರದ ಎಂಟುನೂರು. ಪಕ್ಕದ ಮಳಿಗೆ 14,000ಕ್ಕೆ ಹೋಗಿತ್ತು. ಖಾಲಿ ಮಾಡಿಸೋ ಡಿಕ್ರಿ ತಗೊಂಡೆ. ಅವರು ಅಪೀಲು ಹಾಕಿ ಸ್ಟೇ ತಂದರು. ಅದು ಒಂಬತ್ತು ವರ್ಷ ನಡೆಯಿತು. ಆ ಒಂಬತ್ತು ವರ್ಷವೂ 1,800. ಅದನ್ನೂ ಎರಡು ಸಲ ನಾಲ್ಕು ನಾಲ್ಕು ತಿಂಗಳು ಬಾಕಿ ಇಟ್ಟರು.

ಈಗ ನೀವು ಕೆಳಗಿನ ಕೋರ್ಟಿಗೂ ಒಂದು ಸ್ಟೇ ಬಾಗಿಲು ತೆರೀರಿ ಅಂತೀರಿ. ಮೊದಲು ಇಲ್ಲಿ ಕೇಳೋದು, ಕೊಡದಿದ್ದರೆ ಅಲ್ಲಿ ಕೇಳೋದು. ನನ್ನಂಥವನು ಎರಡೂ ಕಡೆ ವಕೀಲರನ್ನು ಇಟ್ಟುಕೊಂಡು ಓಡಬೇಕು. ಒಂದೇ ಬಾಗಿಲು ಸಾಕು ಸ್ವಾಮಿ. ಅದೂ ಮೇಲಿನದೇ ಇರಲಿ.

---

ಕಾಫಿಗಿಡ

ನಿಮ್ಮ ಸಿಟ್ಟು ಅರ್ಥ ಆಗುತ್ತದೆ ಅಣ್ಣ. ಆದರೆ ನಿಮ್ಮ ಕಥೆಯಲ್ಲೇ ನನ್ನ ಮಾತಿಗೆ ಸಾಕ್ಷಿ ಇದೆ.

ನಿಮಗೆ ಹೊಡೆತ ಬಿದ್ದಿದ್ದು ತಡೆ ಕೊಟ್ಟಿದ್ದಕ್ಕಾ, ಇಲ್ಲಾ 1,800ಕ್ಕೇ ಕೊಟ್ಟಿದ್ದಕ್ಕಾ? ಪಕ್ಕದ ಮಳಿಗೆ 14,000 ಅನ್ನೋದು ನಿಮ್ಮ ಊರಿನ ಜಡ್ಜಿಗೆ ಗೊತ್ತು. ಆ ಬೀದಿಯಲ್ಲಿ ಅವರು ದಿನಾ ಓಡಾಡುತ್ತಾರೆ. ಸಾಕ್ಷಿಯಲ್ಲೂ ಬಂದಿರುತ್ತದೆ. ಮೇಲಿನ ಕೋರ್ಟಿನಲ್ಲಿ ಅದು ಯಾರಿಗೆ ಗೊತ್ತು? ಅಲ್ಲಿ ಮೊದಲ ದಿನ ಕಾಣೋದು ಅಪೀಲಿನ ಕಾರಣಗಳ ಪಟ್ಟಿ ಅಷ್ಟೇ. ಹಾಗಾಗಿ "ಸದ್ಯಕ್ಕೆ ತಡೆ, ನೋಟಿಸ್ ಕೊಡಿ" ಅಂತ ಆಗುತ್ತದೆ. ಆಮೇಲೆ ಅದೇ ವರ್ಷಗಟ್ಟಲೆ ಮುಂದುವರಿಯುತ್ತದೆ.

ತಡೆ ಕೊಡಬೇಕಾ ಅನ್ನೋ ಪ್ರಶ್ನೆಗಿಂತ ಯಾವ ಷರತ್ತಿಗೆ ಕೊಡಬೇಕು ಅನ್ನೋದು ದೊಡ್ಡದು. ಷರತ್ತು ಹಾಕೋಕೆ ಸ್ಥಳ ಗೊತ್ತಿರೋ ಕೋರ್ಟೇ ಬೇಕು. ನನ್ನ ವಾದ ಅಷ್ಟೇ.

---

ಹಳೇ ಶಿರಸ್ತೇದಾರ

ಮೂವತ್ತು ವರ್ಷ ಕೋರ್ಟ್ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ವಾದ ನೀವು ಮಾಡಿಕೊಳ್ಳಿ. ನಾನು ಕಂಡಿದ್ದು ಹೇಳುತ್ತೇನೆ.

ಒಂದು. ಡಿಕ್ರಿ ಆಗಿ ಎರಡು ವರ್ಷದೊಳಗೆ ಇಪಿ ಹಾಕಿದರೆ ಜೆಡಿಆರ್‌ಗೆ (ಸೋತವರಿಗೆ) ನೋಟಿಸ್ ಕೊಡಲೇಬೇಕು ಅಂತಿಲ್ಲ. ಆರ್ಡರ್ 21 ರೂಲ್ 22. ಕಾಫಿಗಿಡ ಅವರೇ, 61ನೇ ದಿನ ಅವರು ಇಪಿ ಹಾಕಿ ಡೆಲಿವರಿ ವಾರಂಟ್ (ಸ್ವಾಧೀನ ಕೊಡಿಸೋ ಆದೇಶ) ಕೇಳಬಹುದು. ಒಂದು ಬೆಳಿಗ್ಗೆ ಅಮೀನರು (ಆದೇಶ ಜಾರಿ ಮಾಡೋ ಕೋರ್ಟ್ ಸಿಬ್ಬಂದಿ) ಬಾಗಿಲಲ್ಲಿ ನಿಂತಾಗಲೇ ನಿಮಗೆ ಗೊತ್ತಾಗೋದು. ಬೀಗ ಹಾಕಿದ್ದರೆ ಒಡೆಯೋಕೂ ಆದೇಶ ತರುತ್ತಾರೆ.

ಎರಡು. ಹೈಕೋರ್ಟಿನ ತಡೆ ಯಾವಾಗಿಂದ ಲೆಕ್ಕ? ಜಡ್ಜು ಹೇಳಿದ ಗಳಿಗೆಯಿಂದ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲ. ಆದೇಶ ಕೆಳಗಿನ ಕೋರ್ಟಿಗೆ ತಿಳಿದಾಗಿನಿಂದ. ಆರ್ಡರ್ 41 ರೂಲ್ 5ರ ಕೆಳಗೆ ವಿವರಣೆ ಅಂತ ಒಂದು ಪ್ಯಾರಾ ಇದೆ. ಅದರಲ್ಲೇ ಉಪಾಯವೂ ಇದೆ. ತಡೆ ಆಗಿದೆ ಅಂತ ಅಪೀಲುದಾರ ತನ್ನ ಸ್ವಂತ ತಿಳಿವಳಿಕೆಯಿಂದ ಪ್ರಮಾಣ ಮಾಡಿ ಅಫಿಡವಿಟ್ ಕೊಟ್ಟರೆ, ಆದೇಶದ ಪ್ರತಿ ಬರೋ ತನಕ ಕೆಳಗಿನ ಕೋರ್ಟು ಅದರ ಮೇಲೆ ನಡೆಯಬೇಕು.

ಸ್ವಂತ ತಿಳಿವಳಿಕೆ ಅನ್ನೋ ಮಾತು ನೋಡಿ. "ನಮ್ಮ ವಕೀಲರು ಫೋನ್ ಮಾಡಿ ಹೇಳಿದರು" ಅಂತ ಬರೆದುಕೊಂಡು ಬಂದವರನ್ನು ನಾನೇ ವಾಪಸ್ ಕಳಿಸಿದ್ದೇನೆ. ಹೈಕೋರ್ಟಿನಲ್ಲಿ ಕೇಸು ಕೂಗುವ ದಿನ ನಿಮ್ಮ ತಂದೆಯವರನ್ನು ಕರೆದುಕೊಂಡು ಹೋಗಿ. ಕಿವಿಯಾರೆ ಕೇಳಲಿ.

ಮೂರು. ಡಿಕ್ರಿಯ ಜಾರಿಯಲ್ಲಿ ಜಮೀನೋ ಮನೆಯೋ ಹರಾಜಿಗೆ ಬಂದು, ಅಪೀಲು ಬಾಕಿ ಇದ್ದರೆ, ಹರಾಜು ನಿಲ್ಲಿಸೋಕೆ ಮೇಲಿನ ಕೋರ್ಟಿಗೇ ಓಡಬೇಕಿಲ್ಲ. ಹರಾಜಿಗೆ ಆದೇಶ ಕೊಟ್ಟ ಕೋರ್ಟನ್ನೇ ಕೇಳಬಹುದು, ಅದು ಷರತ್ತು ಹಾಕಿ ನಿಲ್ಲಿಸಬೇಕು. ಆರ್ಡರ್ 41 ರೂಲ್ 6. ಇದನ್ನು ಬಳಸಿದವರನ್ನು ನನ್ನ ಸರ್ವಿಸಿನಲ್ಲಿ ಬೆರಳಲ್ಲಿ ಎಣಿಸಬಹುದು.

---

ಹ್ಯೂಸ್ಟನ್ ಹೈದ

ಮೂಲ ದಾವಣಗೆರೆ, ಈಗ ಟೆಕ್ಸಾಸ್. ವಕೀಲ ಅಲ್ಲ, ಆದರೆ ಈ ಊರಿನಲ್ಲೇ ನಡೆದ ಒಂದು ಕೇಸು ನಿಮ್ಮ ಪ್ರಶ್ನೆಯದ್ದೇ.

ಇಲ್ಲಿನ ಫೆಡರಲ್ (ಕೇಂದ್ರದ) ಕೋರ್ಟುಗಳ ನಿಯಮ ನೇರವಾಗಿದೆ. ತಡೆ ಬೇಕಾದರೆ ಸಾಮಾನ್ಯವಾಗಿ ಮೊದಲು ಕೆಳಗಿನ ಕೋರ್ಟನ್ನೇ ಕೇಳಬೇಕು. ಮೇಲಿನ ಕೋರ್ಟಿಗೆ ಹೋದರೆ "ಕೆಳಗೆ ಕೇಳಿದ್ದಿರಾ? ಅವರು ಏನಂದರು? ಕೇಳದಿದ್ದರೆ ಯಾಕೆ ಆಗಲಿಲ್ಲ?" ಅಂತ ತೋರಿಸಬೇಕು. ಜೊತೆಗೆ ಹಣದ ತೀರ್ಪಾದರೆ ಮೊದಲ 30 ದಿನ ತಾನಾಗೇ ತಡೆ ಇರುತ್ತದೆ. 2018ಕ್ಕೆ ಮುಂಚೆ ಅದು 14 ದಿನ ಇತ್ತು.

ಕೇಸಿಗೆ ಬರ್ತೀನಿ. 1985ರಲ್ಲಿ ಹ್ಯೂಸ್ಟನ್ನಿನ ಜ್ಯೂರಿ ಪೆನ್‌ಜಾಯಿಲ್ ಕಂಪನಿಗೆ ಟೆಕ್ಸಾಕೊ ಕಂಪನಿ ಸುಮಾರು 1,053 ಕೋಟಿ ಡಾಲರ್ ಕೊಡಬೇಕು ಅಂತ ಹೇಳಿತು. ಅಪೀಲಿನ ತನಕ ತಡೆ ಬೇಕಂದರೆ ಟೆಕ್ಸಾಸ್ ಕಾನೂನಿನ ಪ್ರಕಾರ ಅಷ್ಟೂ ಹಣಕ್ಕೆ ಬಾಂಡ್ (ಭದ್ರತೆ ಪತ್ರ) ಕೊಡಬೇಕಿತ್ತು. ಅಷ್ಟು ದೊಡ್ಡ ಬಾಂಡ್ ಯಾರು ಕೊಡುತ್ತಾರೆ? ಟೆಕ್ಸಾಕೊ ಟೆಕ್ಸಾಸ್ ಕೋರ್ಟನ್ನು ಕೇಳೋದು ಬಿಟ್ಟು ನ್ಯೂಯಾರ್ಕಿನ ಫೆಡರಲ್ ಕೋರ್ಟಿಗೆ ಓಡಿ ತಡೆ ತಂದಿತು. 1987ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ಕಿತ್ತು ಹಾಕಿತು. ಟೆಕ್ಸಾಸ್ ಕೋರ್ಟಿನ ವಿಷಯ, ಅಲ್ಲೇ ಕೇಳಬೇಕಿತ್ತು, ಅಲ್ಲಿ ಸಿಗಲ್ಲ ಅಂತ ನೀವೇ ತೀರ್ಮಾನ ಮಾಡೋ ಹಾಗಿಲ್ಲ ಅಂತ. ಒಂದು ವಾರದೊಳಗೆ ಟೆಕ್ಸಾಕೊ ದಿವಾಳಿ ಅರ್ಜಿ ಹಾಕಿತು. ಕೊನೆಗೆ 300 ಕೋಟಿ ಡಾಲರಿಗೆ ರಾಜಿ ಆಯಿತು.

ತಪ್ಪು ಬಾಗಿಲು ತಟ್ಟಿದರೆ ಏನಾಗುತ್ತದೆ ಅನ್ನೋದಕ್ಕೆ ಇದಕ್ಕಿಂತ ದುಬಾರಿ ಉದಾಹರಣೆ ನನಗಂತೂ ಗೊತ್ತಿಲ್ಲ.

ಅಂಗಡಿ ಮಾಲೀಕ

ಅಷ್ಟೂ ಹಣಕ್ಕೆ ಬಾಂಡ್! ಈ ನಿಯಮ ನನಗೆ ಇಷ್ಟ ಆಯಿತು 😄

---

ಕರಿಕೋಟು

ಕಾಫಿಗಿಡ ಅವರ ವಾದದಲ್ಲಿ ತೂಕ ಇದೆ. ಆದರೂ ನಾನು ಪೂರ್ತಿ ಒಪ್ಪಲ್ಲ. ಯಾಕೆ ಅಂತ ಹೇಳುತ್ತೇನೆ.

ನೂರೈವತ್ತು ಪುಟ ತೀರ್ಪು ಬರೆದ ಜಡ್ಜಿನ ಮುಂದೆ ಮರುವಾರವೇ ನಿಂತು "ಸ್ವಾಮಿ, ಇದನ್ನು ಸ್ವಲ್ಪ ನಿಲ್ಲಿಸಿ" ಅನ್ನಬೇಕು. ನಿಮ್ಮ ತೀರ್ಪು ತಪ್ಪು ಅಂತ ಬಾಯಿ ಬಿಟ್ಟು ಹೇಳೋ ಹಾಗಿಲ್ಲ, ಹೇಳದೆ ಇರೋ ಹಾಗೂ ಇಲ್ಲ. ಹತ್ತರಲ್ಲಿ ಆರೇಳು ಸಲ ಅರ್ಜಿ ವಜಾ ಆಗುತ್ತದೆ. ಇದು ನನ್ನ ಅನುಭವದ ಮಾತು, ಲೆಕ್ಕ ಹಾಕಿದ್ದಲ್ಲ. ವಜಾ ಆದ ಆದೇಶ ಹಿಡಿದು ಮೇಲೆ ಹೋದರೆ ಎದುರಿನವರು ಮೊದಲು ಎತ್ತೋದೇ ಅದನ್ನ. ಅದಕ್ಕೇ ಬಹಳ ವಕೀಲರು ಕೆಳಗೆ ಕೇಳೋದಿಲ್ಲ. ಸೋಮಾರಿತನಕ್ಕಲ್ಲ.

ಬಾಡಿಗೆ ವಿಷಯಕ್ಕೆ ಒಂದು ಮಾತು. ಅಂಗಡಿ ಮಾಲೀಕರೇ, ನಿಮ್ಮ ವಕೀಲರು ಆತ್ಮಾರಾಮ್ ಪ್ರಾಪರ್ಟೀಸ್ ತೀರ್ಪು ಹಾಕಲಿಲ್ಲವೇ? 2004ರ ಡಿಸೆಂಬರ್‌ನಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪು. ದೆಹಲಿಯ ಕನಾಟ್ ಸರ್ಕಸ್‌ನಲ್ಲಿ ಒಂದು ಜಾಗ, ಬಾಡಿಗೆ ತಿಂಗಳಿಗೆ 371 ರೂಪಾಯಿ 90 ಪೈಸೆ. ಖಾಲಿ ಮಾಡೋ ಆದೇಶಕ್ಕೆ ತಡೆ ಕೊಡುವಾಗ ಅಪೀಲು ಕೇಳಿದ ಟ್ರಿಬ್ಯೂನಲ್ "ತಿಂಗಳಿಗೆ 15,000 ಕಟ್ಟು" ಅಂತ ಷರತ್ತು ಹಾಕಿತ್ತು. ಹೈಕೋರ್ಟು ಅದನ್ನು ತೆಗೆದಿತ್ತು. ಸುಪ್ರೀಂ ಕೋರ್ಟು ಮತ್ತೆ ತಂದು ಕೂರಿಸಿತು. ಡಿಕ್ರಿ ಆದ ಮೇಲೆ ಹಳೇ ಬಾಡಿಗೆಯ ಆಸರೆ ಇಲ್ಲ, ಮಾರ್ಕೆಟ್ ರೇಟಿನಲ್ಲಿ ಕಟ್ಟಿ ಇರು ಅಂತ.

ಅಂದರೆ ಮೇಲಿನ ಕೋರ್ಟೂ ಸರಿಯಾದ ಷರತ್ತು ಹಾಕಬಹುದು. ಕೇಳಬೇಕು, ದಾಖಲೆ ಇಡಬೇಕು ಅಷ್ಟೇ.

ಅಂಗಡಿ ಮಾಲೀಕ

ಈಗ ಕೇಳ್ತಿದ್ದೀನಿ ಆ ಹೆಸರನ್ನ. ಒಂಬತ್ತು ವರ್ಷ ಆದ ಮೇಲೆ. ಏನು ಹೇಳಲಿ.

ಸರಿ, ಒಂದು ಮಾತು ಒಪ್ಪುತ್ತೇನೆ. ಕೆಳಗಿನ ಕೋರ್ಟು ತಡೆ ಕೊಡುವಾಗಲೇ "ಈ ಬೀದಿಯಲ್ಲಿ ಬಾಡಿಗೆ ಇಷ್ಟು, ಇಷ್ಟು ಕಟ್ಟಿ" ಅಂತ ಬರೆದಿದ್ದರೆ, ಮೇಲಿನ ಕೋರ್ಟು ಅದಕ್ಕಿಂತ ಕೆಳಗೆ ಇಳಿಸೋಕೆ ಯೋಚನೆ ಮಾಡುತ್ತಿತ್ತು. ಅಷ್ಟರ ಮಟ್ಟಿಗೆ ನಿಮ್ಮ ಬಾಗಿಲು ತೆರೆದಿರಲಿ. ಆದರೆ ಮೂರು ನಾಲ್ಕು ವಾರ. ಅದಕ್ಕಿಂತ ಜಾಸ್ತಿ ಬೇಡ.

---

ಎಲ್‌ಎಲ್‌ಬಿ ಮೂರನೇ ವರ್ಷ

ಯಾವ ಸ್ಟೇ ಆದರೂ ಆರು ತಿಂಗಳಿಗೆ ತಾನಾಗೇ ಬಿದ್ದು ಹೋಗುತ್ತೆ ಅಲ್ವಾ? ವಾಟ್ಸಾಪಿನಲ್ಲಿ ಈಗಲೂ ಓಡಾಡುತ್ತಾ ಇದೆ.

ಕರಿಕೋಟು

ಡಿಲೀಟ್ ಮಾಡಿ ಅದನ್ನ. 2018ರ ಏಷ್ಯನ್ ರೀಸರ್ಫೇಸಿಂಗ್ ತೀರ್ಪಿನ ಮಾತು ಅದು. ಅದೂ ವಿಚಾರಣೆಗೆ ಕೊಟ್ಟ ತಡೆಗಳ ಬಗ್ಗೆ. 2024ರ ಫೆಬ್ರವರಿ 29ರಂದು ಸುಪ್ರೀಂ ಕೋರ್ಟಿನ ಐದು ಜಡ್ಜುಗಳ ಪೀಠ ಅದನ್ನು ತಪ್ಪು ಅಂದಿದೆ. ಈಗ ಯಾವ ತಡೆಯೂ ಕ್ಯಾಲೆಂಡರ್ ನೋಡಿಕೊಂಡು ತಾನಾಗೇ ಬೀಳಲ್ಲ. ಆದೇಶದಲ್ಲೇ ದಿನಾಂಕ ಬರೆದಿದ್ದರೆ ಮಾತ್ರ ಅದು ಬೇರೆ.

ಆರು ತಿಂಗಳು ಅಂತ ಇನ್ನೊಂದು ಇದೆ. ಇಪಿಯನ್ನು ಆರು ತಿಂಗಳಲ್ಲಿ ಮುಗಿಸಿ ಅಂತ 2021ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು, ರಾಹುಲ್ ಶಾ ಕೇಸಿನಲ್ಲಿ. ಬೆಂಗಳೂರಿನ ಜಾಗದ ತಕರಾರೇ ಅದು, ನಮ್ಮ ಹೈಕೋರ್ಟಿನಿಂದ ಹೋಗಿದ್ದು. ಎರಡನ್ನೂ ಕಲಸಿ ಉಂಡೆ ಮಾಡಿದ್ದಾರೆ.

---

ಅಡಿಕೆ ಸಿಪ್ಪೆ

ಮಧ್ಯೆ ಬಾಯಿ ಹಾಕ್ತೀನಿ. ನಮ್ಮ ಜಮೀನು ಕೆರೆಗೆ ಹೋಯಿತು. ಪರಿಹಾರ ಜಾಸ್ತಿ ಮಾಡಿ ಕೋರ್ಟು ಆದೇಶ ಕೊಟ್ಟಿತು. ಸರ್ಕಾರ ಅಪೀಲು ಹಾಕಿತು. ಸರ್ಕಾರ ಭದ್ರತೆ ಕೊಡಬೇಕಿಲ್ಲವಂತೆ, ಹೌದಾ?

ಕರಿಕೋಟು

ಹೌದು, ಆರ್ಡರ್ 27 ರೂಲ್ 8ಎ. ಸರ್ಕಾರದಿಂದ ಆ ಭದ್ರತೆ ಕೇಳೋ ಹಾಗಿಲ್ಲ. ಆದರೆ ಹಣ ಠೇವಣಿ ಇಡಿಸಿ ಅಂತ ನೀವು ಕೇಳಬಹುದು. ಎಷ್ಟೋ ಕೇಸಿನಲ್ಲಿ ಅರ್ಧ ಇಡಿಸಿ, ಅದರಲ್ಲಿ ಸ್ವಲ್ಪ ರೈತರಿಗೆ ತೆಗೆದುಕೊಳ್ಳೋಕೂ ಬಿಟ್ಟಿದ್ದಾರೆ. ಸುಮ್ನೆ ಕೂರಬೇಡಿ.

ಅಡಿಕೆ ಸಿಪ್ಪೆ

ಅದಕ್ಕೇ ಪೇಪರಿನಲ್ಲಿ ಬರೋದು, ಅಮೀನರು ಸರ್ಕಾರಿ ಕಚೇರಿಯ ಕುರ್ಚಿ, ಕಂಪ್ಯೂಟರ್ ಹೊತ್ತುಕೊಂಡು ಹೋದರು ಅಂತ. ತಡೆ ತರೋಕೂ ಪುರುಸೊತ್ತಿಲ್ಲ ಅವರಿಗೆ.

---

ಕಾಫಿಗಿಡ

ಅಪ್‌ಡೇಟ್ ಕೊಡ್ತೀನಿ.

47ನೇ ದಿನ ಇಲ್ಲೇ ಐಎ ಹಾಕಿದೆವು. ನಮ್ಮ ವಕೀಲರು ಅರೆಮನಸ್ಸಿನಿಂದಲೇ ಒಪ್ಪಿದರು. ತೋಟದ ಪಹಣಿ ಭದ್ರತೆಗೆ ಇಟ್ಟೆವು. ತೀರ್ಪು ತಪ್ಪು ಅಂತ ಒಂದು ಮಾತೂ ಆಡಲಿಲ್ಲ. "ಮನೆ ಅವರ ಕೈಗೆ ಹೋದ ಮೇಲೆ ಕೆಡವಿ ಹೊಸದು ಕಟ್ಟಿದರೆ, ನಾಳೆ ಅಪೀಲಿನಲ್ಲಿ ಗೆದ್ದು ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 144ರಲ್ಲಿ ವಾಪಸ್ ಕೇಳಿದರೂ ಏನು ವಾಪಸ್ ಬರುತ್ತದೆ?" ಇಷ್ಟೇ ವಾದ. ಎದುರಿನವರು ಜೋರಾಗಿಯೇ ಆಕ್ಷೇಪಿಸಿದರು. ಜಡ್ಜು ಒಂದೇ ಒಂದು ಪ್ರಶ್ನೆ ಕೇಳಿದರು: ಮುಂದಿನ ಜಾಗದ ಮಳಿಗೆಯಿಂದ ನಿಮಗೆ ಎಷ್ಟು ಬಾಡಿಗೆ ಬರುತ್ತಿದೆ? ಸಾಕ್ಷಿ ಹೇಳುವಾಗ ಅಪ್ಪನೇ ಬಾಯಿ ಬಿಟ್ಟಿದ್ದರು, ಅದು ಅವರಿಗೆ ನೆನಪಿತ್ತು!

ಆರು ವಾರ ತಡೆ ಕೊಟ್ಟರು. ತಿಂಗಳಿಗೆ 6,000 ಕೋರ್ಟಿನಲ್ಲಿ ಕಟ್ಟಬೇಕು. ಮಾರೋ ಹಾಗಿಲ್ಲ, ಕಟ್ಟಡ ಮುಟ್ಟೋ ಹಾಗಿಲ್ಲ. ಅಷ್ಟರಲ್ಲಿ ಮೇಲಿನಿಂದ ಆದೇಶ ತರಬೇಕು.

ಕರಿಕೋಟು

ಒಳ್ಳೇದಾಯಿತು. ನನ್ನ ಹತ್ತರಲ್ಲಿ ಮೂರು ನಾಲ್ಕರ ಲೆಕ್ಕಕ್ಕೆ ನೀವು ಸೇರಿದಿರಿ. ಅವರು ಹೈಕೋರ್ಟಿನಲ್ಲಿ ಕೇವಿಯಟ್ ಹಾಕಿರುತ್ತಾರೆ, ನೋಡಿಕೊಳ್ಳಿ. ಹಾಕಿದ್ದರೆ ಅವರನ್ನು ಕೇಳದೆ ತಡೆ ಸಿಗಲ್ಲ. ಆರು ವಾರ ಅಂದರೆ ಬಹಳ ಅಂತ ಅಂದುಕೊಳ್ಳಬೇಡಿ. ಆಫೀಸ್ ಆಬ್ಜೆಕ್ಷನ್ (ಅಪೀಲಿನ ಕಾಗದದಲ್ಲಿ ಕೋರ್ಟ್ ಕಚೇರಿ ತೋರಿಸೋ ತಪ್ಪು) ಸರಿ ಮಾಡಿ, ನಂಬರ್ ಆಗಿ, ಲಿಸ್ಟಿಗೆ ಬರೋಷ್ಟರಲ್ಲಿ ಮುಗಿದಿರುತ್ತದೆ.

---

ಕಾಫಿಗಿಡ

ನೀವು ಹೇಳಿದ ಹಾಗೇ ಆಯಿತು. ಕೇವಿಯಟ್ ಇತ್ತು. ಎರಡು ಸಲ ಆಬ್ಜೆಕ್ಷನ್ ಬಂತು, ಒಂದು ಸಲ ಪುಟ ಸರಿಯಾಗಿ ಸ್ಕ್ಯಾನ್ ಆಗಿಲ್ಲ ಅಂತ. ಇಲ್ಲಿನ ಆರು ವಾರ ಒಂದು ಬುಧವಾರಕ್ಕೆ ಮುಗಿಯಿತು. ಅವರು ಗುರುವಾರವೇ ಇಪಿಯಲ್ಲಿ ವಾರಂಟ್ ತಗೊಂಡರು. ನಮ್ಮ ಕೇಸು ಹೈಕೋರ್ಟಿನ ಲಿಸ್ಟಿನಲ್ಲಿ ಬಂದಿದ್ದು ಶುಕ್ರವಾರ.

ಶಿರಸ್ತೇದಾರ್ ಸರ್ ಹೇಳಿದ್ದು ನೆನಪಿತ್ತು. ಅಪ್ಪನಿಗೆ ಎಪ್ಪತ್ತಮೂರು ವರ್ಷ. ರಾತ್ರಿ ಬಸ್ಸಿನಲ್ಲಿ ಕೂರಿಸಿಕೊಂಡು ಹೋದೆ. ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಬೆಳಿಗ್ಗೆಯಿಂದ ಕೂತಿದ್ದರು. ನಾಲ್ಕು ಗಂಟೆಗೆ ಕೂಗಿದರು. ಐದು ನಿಮಿಷವೂ ಇಲ್ಲ. ಇಲ್ಲಿನ ಷರತ್ತನ್ನೇ ಮುಂದುವರಿಸಿ ತಡೆ ಕೊಟ್ಟರು. 6,000 ಅನ್ನೋ ಅಂಕಿಯನ್ನು ಎರಡೂ ಕಡೆಯವರು ಪ್ರಶ್ನೆ ಮಾಡಲಿಲ್ಲ, ಜಡ್ಜೂ ಬದಲಿಸಲಿಲ್ಲ.

ಆದೇಶದ ಪ್ರತಿ ಸೋಮವಾರದವರೆಗೂ ವೆಬ್‌ಸೈಟಿಗೆ ಬರಲಿಲ್ಲ. ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಅಪ್ಪನ ಅಫಿಡವಿಟ್ ಹಿಡಿದು ಇಲ್ಲಿನ ಕೋರ್ಟಿನಲ್ಲಿ ನಿಂತಿದ್ದೆವು. ಬೆಂಚ್ ಕ್ಲರ್ಕ್ ಓದಿ, "ನೀವೇ ಅಲ್ಲಿ ಇದ್ದಿರಾ ಯಜಮಾನ್ರೆ?" ಅಂತ ಕೇಳಿದರು. "ಇದ್ದೆ, ನಾಲ್ಕನೇ ಬೆಂಚು" ಅಂದರು ಅಪ್ಪ. ಹನ್ನೊಂದೂ ಕಾಲಿಗೆ ವಾರಂಟ್ ವಾಪಸ್ ಕರೆಸಿದರು. ಅಮೀನರು ಅಷ್ಟರಲ್ಲಿ ಬಸ್ ಸ್ಟ್ಯಾಂಡ್ ತನಕ ಹೋಗಿದ್ದರಂತೆ.

ಹಳೇ ಶಿರಸ್ತೇದಾರ

ನಾಲ್ಕನೇ ಬೆಂಚು! ಯಜಮಾನರಿಗೆ ನನ್ನ ನಮಸ್ಕಾರ ತಿಳಿಸಿ.

ಅಂಗಡಿ ಮಾಲೀಕ

ಎಲ್ಲ ಸರಿ. ಈ ತಿಂಗಳ 6,000 ಕಟ್ಟಿದಿರಾ?

ಕಾಫಿಗಿಡ

ಕಟ್ಟಿದ್ದೀವಿ ಅಣ್ಣ. ಮೂರನೇ ತಾರೀಕಿಗೇ. ರಸೀದಿ ಅಪ್ಪನ ಪಾಸ್‌ಬುಕ್ಕಿನ ಒಳಗಿದೆ.